ಅಡಿಯ ಹೂವು, ಮುಡಿಯ ಹೂವು

'ಪೂಜೆ' ಎಂಬ ಮಾತಿನೊಳಗೇ ಹೂವಿದೆಯೆಂದು ಕೆಲವು ಭಾಷಾವಿದ್ವಾಂಸರು ಊಹಿಸಿದ್ದಾರೆ. ಹಳಗನ್ನಡದ 'ಪೂ' ಹೊಸಗನ್ನಡದಲ್ಲಿ 'ಹೂ' ಆದುದು ನಮಗೆಲ್ಲ ತಿಳಿದಿದೆ. ಆ ದ್ರಾವಿಡ 'ಪೂ'ವಿನಿಂದಲೇ ಸಂಸ್ಕೃತದ ಪೂಜಾ ಶಬ್ದ ಹುಟ್ಟಿರಬಹುದೆಂಬುದು ಅವರ ವಾದ. ಇದನ್ನು ಎಲ್ಲರೂ ಒಪ್ಪಿಲ್ಲ. ವ್ಯುತ್ಪತ್ತಿ ಏನೇ ಇರಲಿ, ಹೂವಿಲ್ಲದ ಪೂಜೆಯನ್ನು ನಮ್ಮ ತಾಯಂದಿರು ಪೂಜೆಯೆಂದು ಎಣಿಸಿದವರಲ್ಲ. ನವರಾತ್ರಿಯ ಒಂಬತ್ತು ದಿನಗಳಲ್ಲಿ ಮುಂಬಯಿಯಂಥ ನಗರದಲ್ಲಿ ನೆಲೆಸಿದ ನಾವು ಮನೆಗೆ ತರುವ ಸಾಮಾನಿನ ಪಟ್ಟಿಯಲ್ಲಿ ಮೊದಲು ಬರೆಯುವ ಪದವೂ ಅದೇ.

ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಭಕ್ತನಿಂದ ತಾನು ಸ್ವೀಕರಿಸುವ ವಸ್ತುಗಳನ್ನು ಹೇಳುತ್ತಾನೆ. ಎಲೆ, ಹೂವು, ಹಣ್ಣು, ನೀರು, ಇಷ್ಟೇ. ಯಾವ ಎಲೆ, ಯಾವ ಹೂವು ಎಂದು ಅವನು ಹೇಳಲಿಲ್ಲ. ಆ ಕೆಲಸವನ್ನು ಸಂಪ್ರದಾಯ ವಹಿಸಿಕೊಂಡಿತು. ಶಿವನಿಗೆ ಬಿಲ್ವ, ತುಂಬೆ, ಎಕ್ಕ, ವಿಷ್ಣುವಿಗೆ ತುಳಸಿ, ಗಣಪತಿಗೆ ಗರಿಕೆ, ದೇವಿಗೆ ಕೆಂಪು ದಾಸವಾಳ. ಮೂಸಿದ ಹೂ ಸಲ್ಲದು, ಬಾಡಿದ್ದು ಸಲ್ಲದು, ನೆಲಕ್ಕೆ ಬಿದ್ದದ್ದು ಸಲ್ಲದು. ಲಿಂಗದ ತುದಿಯನ್ನು ಕಂಡೆನೆಂದ ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ನುಡಿದ ಕೇದಗೆಗೆ ಶಿವಪೂಜೆಯಲ್ಲಿ ಸ್ಥಾನವಿಲ್ಲ. ಆದರೆ ಶಾಪಗ್ರಸ್ತವಾದ ಅದೇ ಕೇದಗೆಯನ್ನು ನಮ್ಮ ಹೆಣ್ಣುಮಕ್ಕಳ ಜಡೆ ಆದರದಿಂದ ಬರಮಾಡಿಕೊಂಡಿದೆ.

ನೆಲಕ್ಕೆ ಬಿದ್ದರೂ ಪೂಜೆಗೆ ಸಲ್ಲುವ ಹೂವು ಪಾರಿಜಾತ. ಶರದೃತುವಿನ ರಾತ್ರಿಯಲ್ಲಿ ಅರಳಿ, ಬೆಳಗಾಗುವಷ್ಟರಲ್ಲಿ ತಾನಾಗಿ ಉದುರುವ ಈ ಹೂವನ್ನು ಮರದಿಂದ ಕೀಳುವ ಪ್ರಶ್ನೆಯೇ ಇಲ್ಲ. ನಿಯಮವೇ ಹೂವಿನ ಸ್ವಭಾವಕ್ಕೆ ಬಾಗಿತು. ಇದರ ಕಥೆಯಂತೂ ಭಕ್ತಿಯದೋ ಪ್ರಣಯದ್ದೋ ಹೇಳುವುದು ಕಷ್ಟ. ನಾರದರು ತಂದಿತ್ತ ಒಂದು ಪಾರಿಜಾತವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನು. ಸತ್ಯಭಾಮೆ ಮುನಿದಳು. ಒಂದು ಹೂವಿನ ಲೋಪಕ್ಕೆ ಪರಿಹಾರವಾಗಿ ಭಗವಂತನು ಇಂದ್ರನೊಡನೆ ಕಾದಾಡಿ ಮರವನ್ನೇ ಕಿತ್ತು ತಂದು ಅವಳ ಅಂಗಳದಲ್ಲಿ ನೆಟ್ಟನು. ಹೂವು ಮಾತ್ರ ಪಕ್ಕದ ರುಕ್ಮಿಣಿಯ ಅಂಗಳದಲ್ಲಿ ಉದುರುತ್ತಿತ್ತೆಂದು ನಮ್ಮ ಹಿರಿಯರು ಕಥೆಗೆ ಬಾಲ ಸೇರಿಸುತ್ತಿದ್ದರು. ವಿಜಯನಗರದಲ್ಲಿ ಕೃಷ್ಣದೇವರಾಯನ ಆಸ್ಥಾನಕವಿ ನಂದಿ ತಿಮ್ಮನನು ತೆಲುಗಿನಲ್ಲಿ 'ಪಾರಿಜಾತಾಪಹರಣಮು' ರಚಿಸಿದ್ದು ರಾಜ ರಾಣಿಯರ ನಡುವಣ ವಿರಸವನ್ನು ತಣಿಸುವುದಕ್ಕೆಂದು ಪ್ರತೀತಿ ಇದೆ. ದೇವರ ಕಥೆಯನ್ನು ಮುಂದಿಟ್ಟುಕೊಂಡು ಮನೆಯ ಮುನಿಸನ್ನು ತಿಳಿಗೊಳಿಸುವ ಉಪಾಯ ಅರಮನೆಗೂ ಬೇಕಾಗಿತ್ತು.

ದೇವರ ಅಡಿಗೆ ಸೇರಿದ ಹೂವು ಅಲ್ಲಿಯೇ ಉಳಿಯುವುದಿಲ್ಲ. ಪ್ರಸಾದವಾಗಿ ಅದು ಮನುಷ್ಯರತ್ತ ಮರಳುತ್ತದೆ. ಗಂಡಸರು ಕಣ್ಣಿಗೊತ್ತಿಕೊಂಡು ಕಿವಿಯ ಮೇಲೆ ಇರಿಸಿಕೊಳ್ಳುತ್ತಾರೆ, ಹೆಂಗಸರು ಮುಡಿಯುತ್ತಾರೆ. ಕೆಲವೊಮ್ಮೆ ದೇವರ ಮಾತಾಗಿಯೂ ಅದು ಬರುತ್ತದೆ. ಮನಸ್ಸಿನಲ್ಲಿ ಪ್ರಶ್ನೆಯನ್ನಿಟ್ಟುಕೊಂಡು ಮೂರ್ತಿಯ ಮುಂದೆ ಕುಳಿತು, ಬಲಗಡೆಯಿಂದ ಹೂವು ಬಿದ್ದರೆ ಅಪ್ಪಣೆಯಾಯಿತೆಂದು ಏಳುವ ಹೂವಿನ ಪ್ರಸಾದದ ಪದ್ಧತಿಯನ್ನು ವಾಚಕರಲ್ಲಿ ಹಲವರು ಬಲ್ಲರು. ನನ್ನ ವಿವಾಹವೂ ಹೀಗೆಯೇ ನಿಶ್ಚಯವಾದದ್ದು. ಬಲಗಡೆಯ ಹೂವು ಬೀಳಲು ಅರ್ಧ ಗಂಟೆ ಹಿಡಿಯಿತಂತೆ. ಆ ಅರ್ಧ ಗಂಟೆ ದೇವರು ಏನನ್ನು ಯೋಚಿಸುತ್ತಿದ್ದನೆಂದು ನನ್ನ ಮನೆಯಾಕೆ ಇಂದಿಗೂ ಕೇಳುತ್ತಾಳೆ.

ದಾಂಪತ್ಯದ ಪ್ರೀತಿಗೂ ನಮ್ಮಲ್ಲಿ ಹೂವೇ ಭಾಷೆ. ಕೆ. ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಪ್ರಕಟಿಸಿದ ತಮ್ಮ ಪ್ರೇಮಗೀತೆಗಳ ಸಂಕಲನಕ್ಕೆ 'ಮೈಸೂರು ಮಲ್ಲಿಗೆ' ಎಂದು ಹೆಸರಿಟ್ಟಾಗ ಕನ್ನಡಿಗರಿಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಲಿಲ್ಲ. ಮೈಸೂರು, ಉಡುಪಿ, ಹಡಗಲಿ, ಈ ಮೂರು ಊರುಗಳ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಉಡುಪಿಯ ಕಡೆ ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವಿದೆ. ನೋಟು ಎಣಿಸುವ ವೃತ್ತಿಯವನಾದ ನನಗೆ ಈ ಲೆಕ್ಕದ ಮೇಲೆ ಅಪಾರ ಗೌರವ.

ನಮ್ಮದು ಹೂವಿನ ಹಡಗಲಿ. ವಿಜಯನಗರದ ಅರಸರ ಕಾಲದಲ್ಲಿ ಹಂಪೆಯ ವಿರೂಪಾಕ್ಷನ ಪೂಜೆಗೆ ಇಲ್ಲಿಂದ ತುಂಗಭದ್ರೆಯಲ್ಲಿ ಹಡಗಿನ ಮೇಲೆ ಹೂವು ಹೋಗುತ್ತಿತ್ತು, ಆದುದರಿಂದಲೇ ಈ ಹೆಸರು ಎಂಬುದು ನಮ್ಮೂರವರ ನಂಬಿಕೆ. ನನ್ನ ತಂದೆ ವಾರಕ್ಕೊಮ್ಮೆ ಸಂತೆಯಿಂದ ಮಲ್ಲಿಗೆಯ ಪೊಟ್ಟಣ ತರುತ್ತಿದ್ದರು. ತುಂಬಿದ ಮನೆಯಲ್ಲಿ ಅದನ್ನು ನೇರವಾಗಿ ಹೆಂಡತಿಯ ಕೈಗೆ ಕೊಡುವ ಧೈರ್ಯ ಅವರಿಗಿರಲಿಲ್ಲ. ದೇವರ ಗೂಡಿನಲ್ಲಿ ಇಟ್ಟು, ಕೆಮ್ಮಿ, ಹೊರಗೆ ಹೋಗಿಬಿಡುತ್ತಿದ್ದರು. ಅವ್ವ ದೀಪ ಹಚ್ಚಿ, ದೇವರಿಗೆ ಏರಿಸಿ, ಉಳಿದುದನ್ನು ಮುಡಿಯುತ್ತಿದ್ದಳು. ಅವರ ಪ್ರೀತಿ ದೇವರ ಕೈಯಿಂದಲೇ ಹಾದುಹೋಗುತ್ತಿತ್ತು.

ಅದೇ ವಿಜಯನಗರಕ್ಕೆ 1443ರಲ್ಲಿ ಬಂದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿಯ ಮಹಾನವಮಿಯ ವೈಭವವನ್ನು ವರ್ಣಿಸಿದ್ದಾನೆ. ಎಲ್ಲೆಲ್ಲೂ ಗುಲಾಬಿಯ ಮಾರಾಟವನ್ನು ಕಂಡು, ಈ ಜನರಿಗೆ ಅದು ಅನ್ನದಷ್ಟೇ ಅವಶ್ಯಕವೆಂದು ಬೆರಗಾಗಿದ್ದಾನೆ. ಆದರೆ ಅವನು ಕಂಡ ಮಹಾನವಮಿಯಲ್ಲಿ ಚೆಂಡುಹೂವು ಇದ್ದಿರಲಾರದು. ಚೆಂಡುಹೂವಿನ ತವರು ಮೆಕ್ಸಿಕೊ. ಕೊಲಂಬಸನು ಅಮೆರಿಕೆಯ ದಡ ಮುಟ್ಟಿದ್ದು 1492ರಲ್ಲಿ. ಪೋರ್ಚುಗೀಸರ ಕಾಲದಲ್ಲಿ ಅದು ನಮ್ಮ ನಾಡಿಗೆ ಬಂದಿತು. ಸುಗಂಧರಾಜವೂ ಅದೇ ನಾಡಿನ ಅತಿಥಿ.

ದಸರೆಯ ಹಿಂದಿನ ದಿನ ಕಚೇರಿಗೆ ಹೋಗುವ ಮೊದಲು ದಾದರ್ ನಿಲ್ದಾಣದ ಪಶ್ಚಿಮದ ಹೂವಿನ ಪೇಟೆಗೆ ಹೋಗುವುದು ನನ್ನ ವಾಡಿಕೆ. ಕಿತ್ತಳೆ ಬಣ್ಣದ ಗುಡ್ಡಗಳ ನಡುವೆ ಕಾಲಿಡಲು ಸ್ಥಳವಿರುವುದಿಲ್ಲ. ಮರಾಠಿ ಬಂಧುಗಳು ಝೆಂಡು ಎನ್ನುವ ಈ ಹೂವನ್ನು ಮಾವಿನೆಲೆಯೊಡನೆ ಪೋಣಿಸಿ ಬಾಗಿಲಿಗೆ ತೋರಣ ಕಟ್ಟದಿದ್ದರೆ ಇಲ್ಲಿ ದಸರೆಯೇ ಇಲ್ಲ. ನಮ್ಮೂರಿನಲ್ಲಿ ಬನ್ನಿ ಕೊಟ್ಟು ಬಂಗಾರದ ಹಾಗಿರೋಣ ಎನ್ನುವಂತೆ ಇಲ್ಲಿ ಆಪಟೆಯ ಎಲೆಯನ್ನು ಚಿನ್ನವೆಂದು ಹಂಚುತ್ತಾರೆ. ನಾನೂ ಹಲವು ವರ್ಷಗಳಿಂದ ಹಂಚಿದ್ದೇನೆ. ಹಬ್ಬಕ್ಕೆ ಏನೂ ಕೊರತೆಯಾದಂತೆ ಅನಿಸಿಲ್ಲ. ಐನೂರು ವರ್ಷಗಳ ಹಿಂದೆ ನಮ್ಮ ದೇವರಿಗೆ ಪರಿಚಯವೇ ಇಲ್ಲದಿದ್ದ ಹೂವೊಂದು ಇಂದು 'ಪುರಾತನ ಸಂಪ್ರದಾಯ'ವಾಗಿ ಗರ್ಭಗುಡಿಯನ್ನು ಹೊಕ್ಕಿದೆ. ಯಾವ ಪುರೋಹಿತರೂ ಅದರ ಗೋತ್ರವನ್ನು ವಿಚಾರಿಸಲಿಲ್ಲ.

ಈ ಮಾತನ್ನು ಬೆಳೆಸಿದ್ದಕ್ಕೆ ಕಾರಣವಿದೆ. ಸಮುದ್ರದಾಚೆಯ ಹೂವಿಗೆ ಇಷ್ಟು ಉದಾರವಾದ ನಮ್ಮ ಸಂಪ್ರದಾಯ ಮನೆಯೊಳಗಿನ ಒಬ್ಬಳ ವಿಷಯದಲ್ಲಿ ಕಠಿಣವಾಗಿದೆ. ಗಂಡ ತೀರಿಕೊಂಡ ಹೆಂಗಸು ಹೂವು ಮುಡಿಯುವಂತಿಲ್ಲ. ಆಕೆ ಕಟ್ಟಿದ ಮಾಲೆ ದೇವರಿಗೆ ಆಗುತ್ತದೆ, ಆ ಮಾಲೆಯ ಒಂದು ಎಸಳು ಆಕೆಯ ತಲೆಗೆ ಆಗುವುದಿಲ್ಲ. ನಾನು ಶಾಸ್ತ್ರ ಓದಿದವನಲ್ಲ. ಆದರೂ ಒಂದು ಸಂಶಯ. ಮುಡಿಯ ಹೂವು ಗಂಡನ ಕೊಡುಗೆ ಮಾತ್ರವೇ ಆಗಿದ್ದರೆ, ಮದುವೆಯಾಗದ ಬಾಲಕಿಯರು ಅದನ್ನು ಮುಡಿಯುತ್ತಿದ್ದುದೇಕೆ? ಅದು ದೇವರ ಪ್ರಸಾದವಾದರೆ, ಬೇಡವೆನ್ನುವ ಅಧಿಕಾರ ಯಾರಿಗೆ ಬಂತು?

ಹೀಗೆ ಕೇಳಿದವರಲ್ಲಿ ನಾನು ಮೊದಲಿಗನೇನೂ ಅಲ್ಲ. ನಾರಾಯಣ ಗುರುಗಳ ಸಂಬಂಧವುಳ್ಳ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ 2013ರ ನವರಾತ್ರಿಯ ಸಮಯದಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ನೇಮಿಸಲಾಯಿತು. ಅವರಿಂದ ಭಕ್ತರು ಪ್ರಸಾದ ಪಡೆದರು. ನಮ್ಮ ಗಡಿಗೆ ಹತ್ತಿರದ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮದವರು 2022ರ ಮೇ ತಿಂಗಳಿನಲ್ಲಿ, ಗಂಡ ಸತ್ತಾಗ ಹೆಂಗಸಿನ ಬಳೆ ಒಡೆದು ಕುಂಕುಮ ಅಳಿಸುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿದರು. ಹಳ್ಳಿಯವರು ಮಾಡಿದ್ದನ್ನು ನಗರದಲ್ಲಿರುವ ನಾವು ಮಾಡಿಲ್ಲ.

ತಂದೆ ತೀರಿಕೊಂಡ ಮೇಲೆ ಅವ್ವ ನಮ್ಮೊಡನೆ ಮುಂಬಯಿಯಲ್ಲಿದ್ದಾಳೆ. ನಾನು ದಾದರಿನಿಂದ ತಂದ ಬಿಡಿ ಮೊಗ್ಗುಗಳನ್ನು ಸಂಜೆ ಎರಡು ಕೋಣೆಗಳ ಮನೆಯ ಕಿಟಕಿಯ ಬಳಿ ಕುಳಿತು ಕಟ್ಟುತ್ತಾಳೆ. ಕಣ್ಣು ಮಂದವಾಗಿದೆ, ಬೆರಳು ಮಂದವಾಗಿಲ್ಲ. ಕಟ್ಟಿದ್ದನ್ನು ಅಳೆದು ದೇವರಿಗೊಂದು, ಸೊಸೆಗೊಂದು, ಮೊಮ್ಮಗಳಿಗೊಂದು ಭಾಗ ಮಾಡಿ, ಕೈ ತೊಳೆದುಕೊಂಡು ಏಳುತ್ತಾಳೆ. ಇಷ್ಟು ವರ್ಷ ಅದನ್ನು ನೋಡಿಯೂ ನಾನು ಏನನ್ನೂ ಕೇಳಿರಲಿಲ್ಲ.

ಕಳೆದ ವರ್ಷ ದುರ್ಗಾಷ್ಟಮಿಯ ದಿನ ಪರಿಚಿತರೊಬ್ಬರ ಮನೆಯ ಪೂಜೆಗೆ ಎಲ್ಲರೂ ಹೋಗಿದ್ದೆವು. ಮಂಗಳಾರತಿಯ ಬಳಿಕ ದೇವಿಯ ಮುಡಿಯಿಂದ ಇಳಿಸಿದ ಮಲ್ಲಿಗೆಯನ್ನು ಹೆಂಗಸರ ಸಾಲಿನಲ್ಲಿ ಹಂಚುತ್ತ ಬಂದರು. ಅವ್ವನ ಬಳಿ ಬಂದಾಗ ಆ ಕೈ ಅವಳನ್ನು ದಾಟಿ ಮುಂದಿನವರಿಗೆ ಚಾಚಿತು. ಬೇಕೆಂದು ಮಾಡಿದ್ದಲ್ಲ, ಅಭ್ಯಾಸಬಲ. ಅವ್ವನೂ ಅಭ್ಯಾಸಬಲದಿಂದ ಅರ್ಧ ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಿದ್ದಳು. ಆ ಮಾಲೆ ಬೆಳಿಗ್ಗೆ ಅವಳೇ ಕಟ್ಟಿ ಕಳಿಸಿದ್ದಾಗಿತ್ತು.

ಮನೆಗೆ ಬರುವವರೆಗೆ ಲೋಕಲ್ ರೈಲಿನಲ್ಲಿ ಯಾರೂ ಮಾತನಾಡಲಿಲ್ಲ. ನನ್ನ ಮನೆಯಾಕೆ ಬಾಗಿಲು ತೆರೆದು, ದೀಪ ಹಾಕಿ, ತನ್ನ ತಲೆಯಲ್ಲಿದ್ದ ಪ್ರಸಾದದ ಹೂವನ್ನು ತೆಗೆದು ನಡುವೆ ಹರಿದು, ಒಂದು ತುಂಡನ್ನು ಅವ್ವನ ಮುಂದೆ ಹಿಡಿದಳು. "ತಾಯಿ ಕೊಟ್ಟಿದ್ದು, ಅತ್ತೆ" ಎಂದಳು. ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಾಗಿಲಲ್ಲೇ ನಿಂತೆ. ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಕಣ್ಣಿಗೆ ಒತ್ತಿಕೊಂಡಳು. ದೇವರ ಗೂಡಿಗೆ ಇಟ್ಟುಬಿಡುತ್ತಾಳೆ ಎಂದುಕೊಂಡೆ.

"ಜಡಿ ಎಲ್ಲೈತವ್ವ ನನಗ, ಹಂಗ ಇಟ್ರ ನಿಂದ್ರಂಗಿಲ್ಲ" ಎಂದಳು. "ಒಂದು ಪಿನ್ನು ಕೊಡು."