ಕ್ರಿಯಾಟಿನಿನ್ 2.1: ಡಯಾಲಿಸಿಸ್ ಬೇಕೇ?

ಪ್ರಶ್ನೆ: ನನಗೆ 52 ವರ್ಷ, ಯಲಹಂಕದಲ್ಲಿ ಆಟೋ ಓಡಿಸುತ್ತೇನೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆನ್ನುನೋವಿಗೆ ಮೆಡಿಕಲ್ ಸ್ಟೋರ್‌ನಿಂದ ಮಾತ್ರೆ ತಂದು ನುಂಗುತ್ತೇನೆ. ಕ್ರಿಯಾಟಿನಿನ್ 2.1 ಬಂದಿದೆ. ಡಯಾಲಿಸಿಸ್ ಬೇಕೇ?

ಉತ್ತರ: ಈ ಅಂಕಿ ನೋಡಿದರೆ ಈಗ ಬೇಕಿಲ್ಲ. ನಿಮ್ಮ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಸುಮಾರು 37, ಅಂದರೆ ಕಿಡ್ನಿ ಕಾಯಿಲೆಯ ಮೂರನೇ ಹಂತ. 15ಕ್ಕಿಂತ ಕೆಳಗಿಳಿದರೆ ಐದನೇ ಹಂತ. ಡಯಾಲಿಸಿಸ್ ಮಾತು ಸಾಮಾನ್ಯವಾಗಿ ಬರುವುದು ಆಗ.

ಕಿಡ್ನಿ ಕೆಡಲು ಸಕ್ಕರೆ, ಬಿಪಿ ಮುಖ್ಯ ಕಾರಣ. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಯೂ ಕಿಡ್ನಿಗೆ ಕೆಡುಕು, ಇಂದೇ ನಿಲ್ಲಿಸಿ. ನಾಟಿ ಭಸ್ಮವೂ ಬೇಡ. ಸಕ್ಕರೆ, ಬಿಪಿ ಮಾತ್ರೆಗಳನ್ನು ಮಾತ್ರ ನೀವಾಗಿಯೇ ಬಿಡಬೇಡಿ.

ಮೂತ್ರದ ಅಲ್ಬುಮಿನ್, ಪೊಟ್ಯಾಷಿಯಂ, ಅಲ್ಟ್ರಾಸೌಂಡ್ ಮಾಡಿಸಿ, ಈ ವಾರವೇ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರ) ಬಳಿ ಹೋಗಿ. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ಮೂತ್ರ ತೀರಾ ಕಡಿಮೆಯಾದರೆ, ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಸೇರಿ.