ಯಾರ ‘ಕೋ’? — ಎರಡು ಪರಿಸರ ಚಳವಳಿಗಳ ಹೆಸರು ಮತ್ತು ಸಮುದಾಯದ ರಚನೆ

ಪರಿಸರ ಹೋರಾಟಗಳನ್ನು ಕುರಿತ ಕನ್ನಡ ಬರಹಗಳಲ್ಲಿ ಒಂದು ಗ್ರಹಿಕೆ ಮತ್ತೆ ಮತ್ತೆ ಕಾಣಸಿಗುತ್ತದೆ: ಊರೆಂಬ ಸಮುದಾಯ ಮೊದಲೇ ಸಿದ್ಧವಾಗಿರುತ್ತದೆ, ಕಾಡಿಗೆ ಕುತ್ತು ಬಂದಾಗ ಅದು ಎದ್ದು ನಿಲ್ಲುತ್ತದೆ. ಕರ್ನಾಟಕದ ಎರಡು ಹೋರಾಟಗಳ ಹೆಸರುಗಳನ್ನು ಭಾಷಿಕವಾಗಿ ಪರಿಶೀಲಿಸಿದರೂ ಸಾಕು, ಈ ಗ್ರಹಿಕೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಸಮೀಪದ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ‘ಅಪ್ಪಿಕೋ’ ಎಂಬ ಹೆಸರು ಹಿಮಾಲಯದ ‘ಚಿಪ್ಕೋ’ದ ಪ್ರಾಸದಲ್ಲಿ ಹುಟ್ಟಿದ್ದೆಂಬುದು ನಿಜ. ಆದರೆ ಕನ್ನಡದ ಕಿವಿಗೆ ಅದು ಬರಿಯ ಪ್ರಾಸವಲ್ಲ. ‘ಬಡಿಸು’ ಮತ್ತು ‘ಬಡಿಸಿಕೋ’ಗಳ ನಡುವಿನ ಅಂತರವೇ ಇಲ್ಲಿಯೂ ಇದೆ: ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವು ಕ್ರಿಯೆಯ ಫಲವನ್ನು ಕರ್ತೃವಿಗೇ ಮರಳಿಸುತ್ತದೆ. ‘ಅರಣ್ಯ ಉಳಿಸಿ’ ಎಂಬ ಬಹುವಚನದ ಮನವಿ ಸರ್ಕಾರಕ್ಕೋ ಸಾರ್ವಜನಿಕರಿಗೋ ಸಲ್ಲುವಂಥದ್ದು. ‘ಅಪ್ಪಿಕೋ’ ಎಂಬ ಏಕವಚನವು ಪಕ್ಕದಲ್ಲಿ ನಿಂತವನನ್ನು ಕುರಿತದ್ದು.

ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹದ ಹೆಸರು ಇನ್ನೂ ಶ್ರೀಮಂತವಾದುದು. ರಾಜ್ಯ ಸರ್ಕಾರ ಹಾಗೂ ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ, ಊರವರು ಮೇವು, ಉರುವಲಿಗೆ ನೆಚ್ಚಿಕೊಂಡಿದ್ದ ‘ಸಿ ಮತ್ತು ಡಿ’ ವರ್ಗದ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಕೊಡುವ ನಿರ್ಧಾರದ ವಿರುದ್ಧ ಈ ಹೋರಾಟ ನಡೆಯಿತು. ಜನ ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ‘ಕಿತ್ತುಕೊಳ್ಳು’ ಎಂದರೆ ಬೇರುಸಹಿತ ಕೀಳುವುದಷ್ಟೇ ಅಲ್ಲ, ಕಸಿದುಕೊಳ್ಳುವುದು ಕೂಡ. ‘ಹಚ್ಚು’ ಉತ್ತರ ಕರ್ನಾಟಕದಲ್ಲಿ ಸಸಿ ನೆಡುವುದು. ‘ಹಚ್ಚಿಕೊಳ್ಳು’ ಎಂದಾಗ ಮಮತೆ ಬೆಳೆಸಿಕೊಳ್ಳುವ ಅರ್ಥವೂ ಸೇರುತ್ತದೆ.

ಹಾಗಾದರೆ ಈ ‘ಕೋ’ ಸೂಚಿಸುವ ‘ತಾನು’ ಯಾರು? ಎರಡೂ ಕಡೆ ಉತ್ತರ ಒಂದೇ ಅಲ್ಲ. ಶಿರಸಿಯ ಅಡಿಕೆ ಬೆಳೆಗಾರರಿಗೆ ಸೊಪ್ಪಿನಬೆಟ್ಟದ ಸೌಲಭ್ಯ ದಾಖಲೆಯಲ್ಲಿಯೇ ಇತ್ತು. ತೋಟಕ್ಕೆ ಸೊಪ್ಪು, ದರಗು ಒದಗಿಸುವ ಕಾಡು ಅವರ ಪಾಲಿಗೆ ಕೃಷಿಯ ಭಾಗ. ಆದ್ದರಿಂದಲೇ ‘ಉಳಿಸು, ಬೆಳೆಸು, ಬಳಸು’ ಎಂಬ ಅಪ್ಪಿಕೋ ಘೋಷಣೆಯಲ್ಲಿ ‘ಬಳಸು’ ಬಂದಿದೆ. ಕಾಡನ್ನು ಮುಟ್ಟದೆ ಕಾಯುವವರ ಮಾತು ಅದಲ್ಲ. ಆದರೆ ತೋಟವಿಲ್ಲದ ಕೂಲಿಕಾರನಿಗೆ ಬೆಟ್ಟದ ಸೌಲಭ್ಯವೂ ಇರಲಿಲ್ಲ. ಒಟ್ಟಿಗೆ ಮರ ಅಪ್ಪಿದ ಮಾತ್ರಕ್ಕೆ ಈ ಅಂತರ ಅಳಿಯಿತೆಂದು ಹೇಳಲಾಗದು. ಪ್ರಶಂಸೆಯ ಬರಹಗಳು ಇದನ್ನು ದಾಟಿಹೋಗಿವೆ.

ಕುಸನೂರಿನ ಸ್ಥಿತಿ ಬೇರೆ. ಅಲ್ಲಿಯ ಭೂಮಿ ಯಾವ ಒಂದು ಮನೆತನದ್ದೂ ಆಗಿರಲಿಲ್ಲ. ಚದುರಿದ್ದ ಹಳ್ಳಿಗಳನ್ನು ಒಂದು ಪಕ್ಷವಾಗಿಸಿದ್ದು ಒಂದರ್ಥದಲ್ಲಿ ಸರ್ಕಾರದ ಆದೇಶವೇ. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಸಹಿ ಸಂಗ್ರಹ, ಅಹಿಂಸೆಯ ತರಬೇತಿಗಳ ಮೂಲಕ ಈ ‘ತಾನು’ವನ್ನು ಕಟ್ಟಬೇಕಾಯಿತು. ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಅಂದರೆ, ಹುಲ್ಲು ಕೊಯ್ಯುವವರ ‘ನಾವು’ ಎಂಬುದರೊಳಗೆ ಆ ಊರಿನವರಲ್ಲದ ಲೇಖಕರೊಬ್ಬರು ಸೇರಿದರು. 1990ರ ದಶಕದ ಆರಂಭದಲ್ಲಿ ಕಂಪನಿಯನ್ನು ಮುಚ್ಚಲಾಯಿತು.

ಈಗ ಪಠ್ಯಪುಸ್ತಕಗಳಲ್ಲಿ ‘ಅಪ್ಪಿಕೋ ಚಳವಳಿ’ ಒಂದು ಅಂಕಿತನಾಮವಾಗಿ ನಿಂತಿದೆ. ಕ್ರಿಯಾಪದವನ್ನು ಹೀಗೆ ನಾಮಪದವಾಗಿ ಓದುವಾಗ, ಯಾರು ಯಾರಿಗೆ ‘ಅಪ್ಪಿಕೋ’ ಎಂದರೆಂಬ ಪ್ರಶ್ನೆಯನ್ನು ನಮ್ಮ ತರಗತಿಗಳಲ್ಲಿ ಕೇಳುವುದು ವಿರಳ.