ಸ್ತನ ಕ್ಯಾನ್ಸರ್: ಯಾವ ರಿಪೋರ್ಟ್ ಮೊದಲು ನೋಡಬೇಕು?

ಬಯಾಪ್ಸಿಯಲ್ಲಿ ಸ್ತನ ಕ್ಯಾನ್ಸರ್ ಖಚಿತವಾದರೆ ಮನೆಮಂದಿಯೆಲ್ಲ ರಿಪೋರ್ಟ್ ಓದಲು ಕೂರುತ್ತಾರೆ. ಗಡ್ಡೆ ಚಿಕಿತ್ಸೆಗೆ ಜಗ್ಗೀತೇ ಎಂಬ ಸುಳಿವು ರೋಗನಿರೋಧಕ ಕಣಗಳಲ್ಲೂ ಇದೆ. ಆದರೆ ಎಲ್ಲ ಅಂಕಿಗೂ ಒಂದೇ ತೂಕವಿಲ್ಲ.

ಮೊದಲು ಐಎಚ್‌ಸಿ (ಇಮ್ಯುನೊಹಿಸ್ಟೋಕೆಮಿಸ್ಟ್ರಿ) ರಿಪೋರ್ಟ್ ತೆಗೆಯಿರಿ. ಹಾರ್ಮೋನ್ ಗ್ರಾಹಕಗಳಾದ ಇಆರ್, ಪಿಆರ್ ಮತ್ತು ಹರ್-2 ಪ್ರೋಟೀನ್ ಸ್ಥಿತಿ ತಿಳಿಯುವವರೆಗೆ ಉಳಿದದ್ದಕ್ಕೆ ಅರ್ಥವಿಲ್ಲ. ಹರ್-2 ಎದುರು 2+ ಇದ್ದರೆ ಅದು ಪಾಸಿಟಿವೂ ಅಲ್ಲ, ನೆಗೆಟಿವೂ ಅಲ್ಲ. ಹರ್-2 ಜೀನ್ ನೋಡುವ ಫಿಶ್ ಪರೀಕ್ಷೆ ಆಗಬೇಕು.

ನಂತರ ಹಿಸ್ಟೋಪೆಥಾಲಜಿ ರಿಪೋರ್ಟ್‌ನಲ್ಲಿ ‘ಟಿಐಎಲ್’ ಹುಡುಕಿ. ಗಡ್ಡೆಯೊಳಗೆ ನುಗ್ಗಿದ ಲಿಂಫೋಸೈಟ್ ಎಂಬ ರೋಗನಿರೋಧಕ ಕಣಗಳ ಲೆಕ್ಕವಿದು. ದುಬಾರಿ ಕಿಟ್ ಬೇಡ; ಎಚ್ ಅಂಡ್ ಇ ಬಣ್ಣ ಹಾಕಿದ ಮಾಮೂಲಿ ಸ್ಲೈಡನ್ನೇ ನೋಡಿ, ಕ್ಯಾನ್ಸರ್ ಕಣಗಳ ಗುಂಪುಗಳ ನಡುವಿನ ಜಾಗದಲ್ಲಿ ಇವು ಎಷ್ಟು ಪಾಲು ಆವರಿಸಿವೆ ಎಂದು ಪೆಥಾಲಜಿಸ್ಟ್ ಶೇಕಡಾವಾರು ಬರೆಯುತ್ತಾರೆ. ಟ್ರಿಪಲ್ ನೆಗೆಟಿವ್ (ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್) ಮತ್ತು ಹರ್-2 ಪಾಸಿಟಿವ್ ಕ್ಯಾನ್ಸರ್‌ಗಳಲ್ಲಿ ಟಿಐಎಲ್ ಹೆಚ್ಚಿದ್ದಷ್ಟೂ ಆಪರೇಷನ್‌ಗೆ ಮುಂಚಿನ ಕೀಮೋದಲ್ಲೇ ಗಡ್ಡೆ ಪೂರ್ತಿ ಕರಗುವ ಸಾಧ್ಯತೆ ಹೆಚ್ಚು. ಹಾರ್ಮೋನ್ ಪಾಸಿಟಿವ್ ಗಡ್ಡೆಗಳಲ್ಲಿ ಇದನ್ನು ಅಷ್ಟು ಸಲೀಸಾಗಿ ಶುಭಸೂಚನೆ ಎನ್ನಲಾಗದು. ಎಷ್ಟೋ ರಿಪೋರ್ಟ್‌ಗಳಲ್ಲಿ ಈ ಸಾಲೇ ಇರುವುದಿಲ್ಲ. ಸಂಕೋಚಪಡದೆ ಕೇಳಿ ಬರೆಸಿಕೊಳ್ಳಿ. ಟಿಐಎಲ್ ಕಡಿಮೆ ಬಂತೆಂದು ಕೀಮೋ ಬಿಡುವಂತಿಲ್ಲ.

ರೋಗನಿರೋಧಕ ಕಣಗಳ ದಾಳಿಯನ್ನು ತಡೆಯುವ ಪಿಡಿ-ಎಲ್1 ಪ್ರೋಟೀನ್‌ನ ಪರೀಕ್ಷೆಗೆ ದುಡ್ಡು ಕಟ್ಟುವ ಮುನ್ನ ‘ಇದರಿಂದ ಔಷಧ ಬದಲಾಗುತ್ತದೆಯೇ’ ಎಂದು ವೈದ್ಯರನ್ನು ಕೇಳಿ. ಬೇರೆ ಅಂಗಗಳಿಗೆ ಹರಡಿದ ಟ್ರಿಪಲ್ ನೆಗೆಟಿವ್‌ನಲ್ಲಿ ಬದಲಾಗಬಹುದು: ಪಿಡಿ-ಎಲ್1 ಅಂಕವಾದ ಸಿಪಿಎಸ್ 10 ಅಥವಾ ಹೆಚ್ಚಿದ್ದರೆ ಕೀಮೋ ಜೊತೆ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧ ಸೇರಿಸುವುದುಂಟು. ಆರಂಭಿಕ ಹಂತದ ಟ್ರಿಪಲ್ ನೆಗೆಟಿವ್‌ನಲ್ಲಿ ಹಾಗಲ್ಲ. 2020ರಲ್ಲಿ ಪ್ರಕಟವಾದ ಕೀನೋಟ್-522 ಅಧ್ಯಯನದಲ್ಲಿ ಪಿಡಿ-ಎಲ್1 ಪಾಸಿಟಿವ್ ಇದ್ದವರಿಗೂ ನೆಗೆಟಿವ್ ಇದ್ದವರಿಗೂ ಆ ಔಷಧದಿಂದ ಲಾಭ ಕಂಡಿತ್ತು.

ಕೊನೆಗೆ ರಕ್ತದ ಎನ್‌ಎಲ್‌ಆರ್, ಅಂದರೆ ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತ. ರಕ್ತಕಣ ಎಣಿಸುವ ಸಿಬಿಸಿಯಲ್ಲಿ ನ್ಯೂಟ್ರೋಫಿಲ್ 68, ಲಿಂಫೋಸೈಟ್ 24 ಇದ್ದರೆ ಭಾಗಿಸಿ: 2.8. ಇದು ಹೆಚ್ಚಿದ್ದವರಲ್ಲಿ ಚಿಕಿತ್ಸೆಯ ಫಲಿತಾಂಶ ಸರಾಸರಿಯಲ್ಲಿ ಹಿಂದೆ ಬಿದ್ದಿರುವುದನ್ನು ಹಲವು ಅಧ್ಯಯನಗಳು ಕಂಡಿವೆ, ನಿಜ. ಆದರೆ ಎಲ್ಲರೂ ಒಪ್ಪಿದ ಗಡಿ ಅಂಕಿಯೇ ಇಲ್ಲ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್, ಬಿಳಿರಕ್ತಕಣ ಏರಿಸುವ ಇಂಜೆಕ್ಷನ್, ಹಲ್ಲಿನ ಸೋಂಕು ಯಾವುದಾದರೂ ಸಾಕು, ಅಂಕಿ ಜಿಗಿಯಲು. ನೋಡಲೇಬೇಕೆಂದರೆ ಮೊದಲ ಕೀಮೋಗೆ ಮುಂಚಿನ ಸಿಬಿಸಿ ನೋಡಿ. ಮೊಬೈಲ್ ಕ್ಯಾಲ್ಕುಲೇಟರ್ ಹಿಡಿದು ನಿದ್ದೆಗೆಡುವಷ್ಟು ಯೋಗ್ಯತೆ ಇದಕ್ಕಿಲ್ಲ.

ಆಸ್ಪತ್ರೆ ಬದಲಿಸುವುದಾದರೆ ಜೆರಾಕ್ಸ್ ಸಾಲದು. ಟಿಐಎಲ್, ಪಿಡಿ-ಎಲ್1 ಮತ್ತೆ ನೋಡಲು ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿದ ಪ್ಯಾರಾಫಿನ್ ಬ್ಲಾಕ್, ಸ್ಲೈಡ್‌ಗಳೇ ಬೇಕು. ಲಿಖಿತ ಅರ್ಜಿ ಕೊಟ್ಟು ಪಡೆಯಿರಿ. ಬ್ಲಾಕನ್ನು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಮೇಣ ಕರಗುತ್ತದೆ.